ಮಾವನ ಕಡಗ ಮತ್ತು ನೀಲಿ ಹಿಟ್ಟು

ಕೇಳುಗರಿಗೆ ನಮಸ್ಕಾರ. ಮಂಡಿ ನೋವಿಗೆ ಮಾತ್ರೆ ನುಂಗುವವರು ನಿಮ್ಮಲ್ಲಿ ತುಂಬಾ ಜನ ಇರುತ್ತೀರಿ. ನೋವು ಇಳಿಯುತ್ತದೆ, ಹಿಂದೆಯೇ ಹೊಟ್ಟೆ ಉರಿಯುತ್ತದೆ, ಅಲ್ವಾ? ಊತ ತರುವ ಪ್ರೊಸ್ಟಗ್ಲಾಂಡಿನ್ ಎಂಬ ನಮ್ಮ ಮೈಯ ರಾಸಾಯನಿಕಗಳೇ ಹೊಟ್ಟೆಯ ಒಳಪದರವನ್ನೂ ಕಾಯುತ್ತವೆ. ಆಸ್ಪಿರಿನ್ ಅವನ್ನು ತಡೆದಾಗ ಊತವೂ ಇಳಿಯಿತು, ಹೊಟ್ಟೆಯ ಕಾವಲೂ ಹೋಯಿತು. ಇಂಥ ಔಷಧಿಯ ಜೊತೆ ತಾಮ್ರ ಸೇರಿದರೆ ಏನಾಗುತ್ತದೆ? ಇವತ್ತಿನ ಮಾತು ಅದು.

ಮೊದಲು ನಮ್ಮ ಮಾವನ ವಿಷಯ ಹೇಳಿಬಿಡುತ್ತೇನೆ. ಅಡಿಕೆ ತೋಟದವರು. ಮಂಡಿ ನೋವಿಗೆಂದು ತಾಮ್ರದ ಕಡಗ ಹಾಕಿದ್ದಾರೆ. ಒಮ್ಮೆ ನಮ್ಮ ಲ್ಯಾಬಿಗೆ ಬಂದು, "ಕಡಗವೂ ಇದೆ, ಮಾತ್ರೆಯೂ ಇದೆ ಕಣೋ. ನೋವು ಮಾತ್ರ ಹೋಗಿಲ್ಲ" ಎಂದರು. ಅವರ ಎದುರಿಗೇ ಆಸ್ಪಿರಿನ್ ಪುಡಿ ಮಾಡಿ ಅಡುಗೆ ಸೋಡಾ ಹಾಕಿದ ನೀರಿಗೆ ಸುರಿದೆ. ನೊರೆ ಬಂತು. ಸೋಸಿಟ್ಟೆ. ಇನ್ನೊಂದು ಬೀಕರಿನಲ್ಲಿ ತಾಮ್ರದ ಲವಣವಾದ ಮೈಲುತುತ್ತ ಕರಗಿಸಿದೆ. ಮಾವ ಪ್ರತಿವರ್ಷ ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವವರಲ್ವಾ, "ಸುಣ್ಣ ಎಲ್ಲೋ?" ಎಂದರು. ಎರಡನ್ನೂ ಬೆರೆಸಿದೆ. ತಿಳಿಯಾಗಿದ್ದ ನೀರೆಲ್ಲ ಕದಡಿ, ಕಣ್ಣು ಕುಕ್ಕುವ ನೀಲಿ ಹಿಟ್ಟು ತಳದಲ್ಲಿ ಕೂತಿತು. ಮಾವ ಕಡ್ಡಿಯಲ್ಲಿ ಕಲಕಿದರು. ಇನ್ನಷ್ಟು ನೀರು ಹಾಕಿದರು. ಹಿಟ್ಟು ಹಾಗೇ ಇತ್ತು. "ಮೈಲುತುತ್ತ ಕರಗುತ್ತಲ್ಲೋ, ಇದ್ಯಾಕೆ ಕರಗಲ್ಲ?"

ಯಾಕೆಂದರೆ ಅದು ಮೈಲುತುತ್ತವಲ್ಲ. ಆಸ್ಪಿರಿನ್ನೂ ಅಲ್ಲ. ಎರಡು ತಾಮ್ರದ ಪರಮಾಣುಗಳನ್ನು ನಾಲ್ಕು ಆಸ್ಪಿರಿನ್ ಸುತ್ತಲಿಂದ ಹಿಡಿದುಕೊಂಡಿರುವ ಹೊಸ ವಸ್ತು. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದಲ್ಲ? ಕಿಲುಬು ಹುಳಿಯೂ ಅಲ್ಲ, ತಾಮ್ರವೂ ಅಲ್ಲ. ಹಾಗೆ.

ವಸ್ತು ಹೊಸದಾದರೆ ಗುಣವೂ ಹೊಸದು. 1976ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಸೊರೆನ್ಸನ್ ಇಂಥ ತಾಮ್ರದ ಸಂಯುಕ್ತಗಳನ್ನು ಇಲಿಗಳ ಮೇಲೆ ನೋಡಿದ ಫಲ ಪ್ರಕಟಿಸಿದರು. ಬರೀ ಔಷಧಿಗಿಂತ ಊತ ಚೆನ್ನಾಗಿ ಇಳಿದಿತ್ತು. ಹೊಟ್ಟೆಹುಣ್ಣನ್ನೂ ಅವು ತಡೆದಿದ್ದವು! ಇಂಡೊಮೆಥಾಸಿನ್ ಎಂಬ ಔಷಧಿ ನಾಯಿಯ ಹೊಟ್ಟೆಗೆ ಬಹಳ ಕೆಟ್ಟದ್ದು. ಅದಕ್ಕೆ ತಾಮ್ರ ಸೇರಿಸಿ ಮಾಡಿದ್ದನ್ನು ಆಸ್ಟ್ರೇಲಿಯಾದಲ್ಲಿ ನಾಯಿ, ಕುದುರೆಗಳ ಕೀಲುನೋವಿಗೆ ಪಶುವೈದ್ಯರು ಬಳಸಿದ್ದಾರೆ. ಅದೇ ಔಷಧಿ, ಅದೇ ತಾಮ್ರ. ಸೇರಿದ ಮೇಲೆ ಬೇರೆ.

ಹಾಗಾದರೆ ತಾಮ್ರದ ಚೊಂಬಿನ ನೀರಲ್ಲಿ ಮಾತ್ರೆ ನುಂಗಿದರೆ ಸಾಕಾ ಎಂದು ಪ್ರತಿಸಲ ಯಾರಾದರೂ ಕೇಳುತ್ತಾರೆ. ಸಾಲದು ಸ್ವಾಮಿ! ಚೊಂಬು ಬೇರೆ, ಸಂಯುಕ್ತ ಬೇರೆ. ಮೈಲುತುತ್ತವಂತೂ ವಿಷ, ಬಾಯಿಗೆ ಹಾಕಬೇಡಿ. ಕಡಗವನ್ನೂ ಬ್ರಿಟನ್‌ನಲ್ಲಿ 70 ಸಂಧಿವಾತದ ರೋಗಿಗಳಿಗೆ ತೊಡಿಸಿ ನೋಡಿದ್ದಾರೆ. 2013ರಲ್ಲಿ ಫಲ ಬಂತು: ಉಪಯೋಗ ಕಾಣಲಿಲ್ಲ.

ಬಿಸ್ಮತ್ ಎಂಬ ಲೋಹ ಆಸ್ಪಿರಿನ್ನಿನ ದಾಯಾದಿ ಸ್ಯಾಲಿಸಿಲೇಟ್ ಜೊತೆ ಸೇರಿದರೆ ಹೊಟ್ಟೆ ಕೆಟ್ಟಾಗ ಕುಡಿಯುವ ಔಷಧಿಯೇ ಆಗುತ್ತದೆ. ಅದನ್ನು ವಿವರವಾಗಿ ಹೇಳಬೇಕೆಂದಿದ್ದೆ. ಮಾವನೇ ಹೊತ್ತೆಲ್ಲ ತಿಂದುಬಿಟ್ಟರು.

ಕಡಗ ಇನ್ನೂ ಅವರ ಕೈಯಲ್ಲೇ ಇದೆ. ಅವತ್ತು ಬಸ್ ಹತ್ತುವಾಗ ಕೇಳಿದ್ದು ಒಂದೇ: "ಆ ನೀಲಿ ಹಿಟ್ಟು ಕೊಳೆ ರೋಗಕ್ಕೆ ಆಗುತ್ತೇನೋ?"

ನಮಸ್ಕಾರ.