'ಮದುಮಗಳು' ಓದೋಕಾಗ್ತಿಲ್ವಾ? ನಾಯಿ ಹಿಂದೆ ಹೋಗಿ!

(ಮೇಜಿನ ಮೇಲೆ ನಾಲ್ಕು ಪುಸ್ತಕ. ಒಂದು ಮಾತ್ರ ಇಟ್ಟಿಗೆ ಗಾತ್ರ.)

ನಮಸ್ಕಾರ. ಹೋದ ತಿಂಗಳು ನಮ್ಮ ವೀಕ್ಷಕರೊಬ್ಬರು ಮೆಸೇಜ್ ಹಾಕಿದ್ರು. "ಮೇಡಂ, 'ಮಲೆಗಳಲ್ಲಿ ಮದುಮಗಳು' ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟೆ. ಹೀರೋ ಯಾರು ಅಂತ ಹೇಳಿಬಿಡಿ, ಅವನನ್ನಾದ್ರೂ ಹಿಡ್ಕೊಂಡು ಮುಗಿಸ್ತೀನಿ."

ಪಾಪ, ನ್ಯಾಯವಾದ ಪ್ರಶ್ನೆ. ಉತ್ತರ ಹೇಳೋಕೆ ನಾನೂ ಪುಸ್ತಕ ಮತ್ತೆ ತೆಗೆದೆ. ಅದರ ಗುಂಗಲ್ಲಿ ಇನ್ನೂ ಮೂರು ಓದಿಬಿಟ್ಟೆ.

ಮೊದಲು ಪೀಠಿಕೆ ಮುಗಿಸೋಣ. ಕುವೆಂಪು, 1967. ಏಳುನೂರು ಪುಟದ ಮೇಲೆ. ತೀರ್ಥಹಳ್ಳಿ ಸುತ್ತಿನ ಕಾಡು, ಹತ್ತೊಂಬತ್ತನೇ ಶತಮಾನದ ಕೊನೆ. ಹೆಗ್ಗಡೆಯವರ ಮನೆಗಳು, ಆಳುಗಳು, ಮದುವೆಗಳು, ಓಡಿಹೋಗೋದು. ಆಯ್ತಾ? ಮುಂದೆ.

ಹೀರೋ ಯಾರು? ಕುವೆಂಪು ಶುರುವಲ್ಲೇ ಕೈ ತೊಳ್ಕೊಂಡಿದಾರೆ: "ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ." ಈ ಸಾಲು ಎಲ್ಲರಿಗೂ ಗೊತ್ತು, ಎಲ್ಲರೂ ಸ್ಟೇಟಸ್ಸಿಗೆ ಹಾಕಿದೀವಿ. ಆದ್ರೆ ನಿಧಾನಕ್ಕೆ ಇನ್ನೊಂದ್ಸಲ ಓದಿ. ಮೊದಲೆರಡು ಕಡೆ 'ಯಾರೂ'. ಮೂರನೇ ಕಡೆ 'ಯಾವುದೂ'. ಅಂದ್ರೆ ಮೂರನೇ ಮಾತಿಗೆ ಬರೋಷ್ಟ್ರಲ್ಲಿ ಮನುಷ್ಯರ ಲೆಕ್ಕ ಮುಗಿದು, ಮರ, ಹೊಳೆ, ನಾಯಿ ಎಲ್ಲಾ ಪಂಕ್ತಿಗೆ ಬಂದು ಕೂತಾಗಿದೆ. ಒಂದು ಪದದಲ್ಲಿ!

ನಾಯಿ ಅಂದೆ ಅಲ್ವಾ, ನನ್ನ ಉತ್ತರ ಅದೇ. ಹುಲಿಯನ ಹಿಂದೆ ಹೋಗಿ.

(ಪರದೆ ಮೇಲೆ ಎರಡು ಹೆಸರು: ಗುತ್ತಿ, ಹುಲಿಯ)

ಕಾದಂಬರಿ ಶುರುವಾಗೋದೇ ಗುತ್ತಿ ಕಾಡುದಾರೀಲಿ ನಡ್ಕೊಂಡು ಹೋಗೋದ್ರಿಂದ. ಸಿಂಬಾವಿ ಹೆಗ್ಗಡೆಯವರ ಆಳು. ಜೊತೆಗೆ ಅವನ ನಾಯಿ ಹುಲಿಯ. ಯಾವಾಗ್ಲೂ ನಾಯಿ ಜೊತೆಗಿರ್ತಾನೆ ಅಂತ ಊರವರು ಅವನನ್ನ ಕರೆಯೋದು ನಾಯಿಗುತ್ತಿ. ಈಗ ನೋಡಿ: ನಾಯಿಯ ಹೆಸರಲ್ಲಿ ಹುಲಿ ಇದೆ. ಮನುಷ್ಯನ ಹೆಸರಲ್ಲಿ ನಾಯಿ ಇದೆ.

ನಾನು ಇಲ್ಲಿ ಪುಸ್ತಕ ಮಡಚಿಟ್ಟು ಎದ್ದು ಕಾಫಿ ಮಾಡ್ಕೊಂಡು ಬಂದೆ, ನಿಜವಾಗ್ಲೂ.

ಯಾಕಂದ್ರೆ ಆ ಕಾಲದ ಜಾತಿ ವ್ಯವಸ್ಥೆ ಹೇಗಿತ್ತು ಅಂತ ವಿವರಿಸೋಕೆ ಇನ್ನೊಬ್ಬರು ಹತ್ತು ಪುಟ ಬರೀಬೇಕು. ಇಲ್ಲಿ ಎರಡು ಹೆಸರು ಸಾಕಾಯ್ತು. ನಾಯಿಗೆ ಹೆಸರಿಟ್ಟವರು ಪ್ರೀತಿಯಿಂದ ಇಟ್ಟರು, ಅದು ಬಡ್ತಿ ಪಡೆದು ಹುಲಿ ಆಯ್ತು. ಹೊಲಗೇರಿಯ ಗುತ್ತಿಗೆ ಊರು ಕೊಟ್ಟಿದ್ದು ಹಿಂಬಡ್ತಿ. ತಮಾಷೆ ಅಂದ್ರೆ ಗುತ್ತಿಗೆ ಇದರಿಂದ ಬೇಜಾರೇ ಇದ್ದಂಗೆ ಕಾಣಲ್ಲ. ನನಗೆ ಮೊದಲು 'ಅದು' ಆಗಿದ್ದ ಹುಲಿಯ, ನೂರೈವತ್ತು ಪುಟ ದಾಟೋಷ್ಟ್ರಲ್ಲಿ 'ಅವನು' ಆಗಿದ್ದ.

ಮುಂದಿನ ಒಂದು ನಿಮಿಷ ಕಥೆ ಬಿಟ್ಟುಕೊಡ್ತೀನಿ. ಬೇಡ ಅನ್ನೋರು ಮುಂದಕ್ಕೆ ಓಡಿಸಿ. 1967ರ ಪುಸ್ತಕ ಕಣ್ರೀ, ಸಾಕಷ್ಟು ಟೈಮ್ ಕೊಟ್ಟಿದೀನಿ.

ಗುತ್ತಿ ತನ್ನ ತಿಮ್ಮಿಯನ್ನ ಕರ್ಕೊಂಡು ಓಡಿಹೋಗ್ತಾನೆ. ಕೊನೇಲಿ ತುಂಬಿ ಹರಿಯೋ ತುಂಗೆ ಅಡ್ಡ ಬರುತ್ತೆ. ಗುತ್ತಿ, ತಿಮ್ಮಿ ದಾಟ್ತಾರೆ. ಹುಲಿಯ ನೀರುಪಾಲು. ಇಷ್ಟು ದೊಡ್ಡ ಕಾದಂಬರಿ, ಇಷ್ಟೊಂದು ಗೌಡರು, ಹೆಗ್ಗಡೆಯವರು, ಮದುಮಗಳು. ಮುಗಿಯೋ ಹೊತ್ತಿಗೆ ಓದುಗರ ಕಣ್ಣು ಹೊಳೇಲಿ ಒಂದು ನಾಯೀನ ಹುಡುಕ್ತಾ ಇರುತ್ತೆ. 'ಯಾವುದೂ' ಅಂದಿದ್ದು ಬಾಯಿಮಾತಲ್ಲ.

ಹಾಗಂತ ಎಲ್ಲಾ ಚೆಂದ ಅಂತೇನಿಲ್ಲ. ನಡುವೆ ಯಾರ ಮಗಳನ್ನ ಯಾರಿಗೆ ಕೊಟ್ಟರು ಅನ್ನೋದು ನನಗೆ ಎರಡು ಸಲ ಕಲಸಿಹೋಯ್ತು. ಹಳೇ ಕ್ಯಾಲೆಂಡರ್ ಹಿಂದೆ ವಂಶಾವಳಿ ಬರ್ಕೊಂಡೆ. (ಕ್ಯಾಲೆಂಡರ್ ತೋರಿಸೋದು. ಬಾಣದ ಗುರುತುಗಳೇ ತುಂಬಿವೆ.) ನೀವೂ ಬರ್ಕೊಳ್ಳಿ, ನಾಚಿಕೆ ಬೇಡ.

ಈಗ ಅಪ್ಪನಿಂದ ಮಗನಿಗೆ. ಪೂರ್ಣಚಂದ್ರ ತೇಜಸ್ವಿ, 'ಕರ್ವಾಲೊ', 1980. ಇಲ್ಲೂ ನಾಯಿ! ಹೆಸರು ಕಿವಿ. ಅಪ್ಪನ ನಾಯಿ ಹುಲಿ, ಮಗನ ನಾಯಿ ಬರೀ ಕಿವಿ. ಎರಡು ತಲೆಮಾರಿನ ಗದ್ಯದ ವ್ಯತ್ಯಾಸ ಇಷ್ಟೇ ಅಂತ ಯಾರಾದ್ರೂ ಪಿಎಚ್‌ಡಿ ಮಾಡಬಹುದು. ಮೂಡಿಗೆರೆಯ ಜೇನು ಸೊಸೈಟಿಯಿಂದ ಶುರುವಾಗೋ ಕಥೆ ಹಾರುವ ಓತಿ ಹಿಂದೆ ಕಾಡು ಸೇರುತ್ತೆ. ಆ ಓತಿ ನಿಜಕ್ಕೂ ಇದೆ, ಪಶ್ಚಿಮಘಟ್ಟದಲ್ಲಿ. ರೆಕ್ಕೆ ಬಡಿಯಲ್ಲ, ಪಕ್ಕೆಲುಬು ಅಗಲಿಸಿ, ಅದರ ಮೇಲಿನ ಚರ್ಮ ಹಿಗ್ಗಿಸಿ, ಮರದಿಂದ ಮರಕ್ಕೆ ತೇಲುತ್ತೆ. ಅದನ್ನ ಮೊದಲು ಕಂಡೋನು ವಿಜ್ಞಾನಿ ಅಲ್ಲ, ಊರಲ್ಲಿ ಯಾರೂ ಲೆಕ್ಕಕ್ಕಿಡದ ಮಂದಣ್ಣ. ಅಪ್ಪನ ಸಾಲನ್ನೇ ಮಗ ನಗಿಸ್ತಾ ಬರೆದಂಗಿದೆ. ನನ್ನದೊಂದು ತಕರಾರು: ಹೆಂಗಸರು ಬಂದು ಹೋಗ್ತಾರೆ ಅಷ್ಟೇ, ಕಿವಿಗೆ ಸಿಕ್ಕಷ್ಟು ಜಾಗವೂ ಅವರಿಗೆ ಸಿಕ್ಕಿಲ್ಲ.

(ಕ್ಯಾಮೆರಾ ಹಿಂದಿನಿಂದ: "ಬ್ಯಾಟರಿ ಹೋಗ್ತಿದೆ!")

ಸರಿ ಸರಿ, ಉಳಿದೆರಡು ಬೇಗ. ಶಿವರಾಮ ಕಾರಂತರ 'ಚೋಮನ ದುಡಿ', 1933. ಚಿಕ್ಕದು, ಒಂದು ರಾತ್ರಿ ಸಾಕು. ಆಮೇಲೆ ನಿದ್ದೆ ಬರೋದು ನನ್ನ ಜವಾಬ್ದಾರಿ ಅಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್', 2013. ಇದರಲ್ಲಿ ಇರುವೆ ಇವೆ. ಬಡತನದ ಮನೇಲಿ ಇರುವೆ ಜೊತೆ ನಡೆಯೋ ಯುದ್ಧದ ಪುಟಗಳನ್ನ ಅಡುಗೆಮನೇಲಿ ನಿಂತೇ ಓದಿದೆ. ದುಡ್ಡು ಬಂದಮೇಲೆ ಆ ಕುಟುಂಬ ಯಾರನ್ನೆಲ್ಲಾ ಇರುವೆ ಥರ ನೋಡುತ್ತೆ ಅಂತ ಓದ್ಕೊಳ್ಳಿ.

ಅಂದಹಾಗೆ ಆ ವೀಕ್ಷಕರಿಗೆ ನಾಯಿ ವಿಷಯ ಆಗ್ಲೇ ಹೇಳಿದ್ದೆ. ನಿನ್ನೆ ರಾತ್ರಿ ಮತ್ತೆ ಮೆಸೇಜ್ ಬಂತು: "ಮುನ್ನೂರು ಪುಟ ಆಯ್ತು ಮೇಡಂ. ಹುಲಿಯನಿಗೆ ಏನೂ ಆಗಲ್ಲ ಅಲ್ವಾ?"

ನಾನಿನ್ನೂ ಉತ್ತರ ಕೊಟ್ಟಿಲ್ಲ. ಈ ವಿಡಿಯೋ ಅವರ ಕಣ್ಣಿಗೆ ಬೀಳದಿದ್ರೆ ಸಾಕು.