ಸೊಂಟನೋವು ಹೋದ ಮೇಲಿನ ಆರು ತಿಂಗಳು

ಕೇಳುಗರಿಗೆ ನಮಸ್ಕಾರ.

ಸೊಂಟ ಹಿಡಿದುಕೊಂಡಾಗ ಮಾಡುವುದಕ್ಕೆ ನಮ್ಮಲ್ಲಿ ಉಪಾಯಗಳಿಗೇನೂ ಕೊರತೆಯಿಲ್ಲ. ಎಣ್ಣೆ ತಿಕ್ಕುತ್ತೇವೆ, ಶಾಖ ಕೊಡುತ್ತೇವೆ, ಬೆಲ್ಟ್ ಕಟ್ಟುತ್ತೇವೆ, ಕ್ಲಿನಿಕ್ಕಿಗೆ ಹೋಗಿ ಹತ್ತು ದಿನ ಕರೆಂಟ್ ಕೊಡಿಸಿಕೊಳ್ಳುತ್ತೇವೆ. ನೋವು ಇಳಿದ ಮೇಲೆ ಏನು ಮಾಡಬೇಕು ಎಂದರೆ ಮಾತ್ರ ಯಾರ ಬಳಿಯೂ ಉತ್ತರವಿಲ್ಲ. ಹೋಯಿತಲ್ಲ, ಇನ್ನೇನು ಅಂತ ಸುಮ್ಮನಾಗುತ್ತೇವೆ. ಆದರೆ ಈ ನೋವಿನ ಸ್ವಭಾವವೇ ಮರುಕಳಿಸುವುದು. ವಾಸಿಯಾದ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಗೆ ಒಂದು ವರ್ಷದೊಳಗೆ ಮತ್ತೆ ಬರುತ್ತದೆ. ಫಿಸಿಯೋಥೆರಪಿಯ ಸಂಶೋಧನೆಯೂ ಬಹುಕಾಲ ನೋವಿರುವಾಗಿನ ಚಿಕಿತ್ಸೆಯ ಸುತ್ತಲೇ ತಿರುಗುತ್ತಿತ್ತು. ನೋವು ಹೋದ ನಂತರದ ದಿನಗಳನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ ಒಂದು ದೊಡ್ಡ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇವತ್ತಿನ ಮಾತು ಮುಖ್ಯವಾಗಿ ಅದರ ಬಗ್ಗೆ.

ಅಧ್ಯಯನದ ಹೆಸರು ವಾಕ್‌ಬ್ಯಾಕ್. ನಡೆಸಿದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಮ್ಯಾಕ್ವಾರಿ ವಿಶ್ವವಿದ್ಯಾಲಯದ ತಂಡ. ಹಿಂದಿನ ಆರು ತಿಂಗಳಲ್ಲಿ ಸೊಂಟನೋವು ಬಂದು ವಾಸಿಯಾಗಿದ್ದ 701 ಮಂದಿಯನ್ನು ಸೇರಿಸಿಕೊಂಡರು. ವ್ಯಾಯಾಮಕ್ಕೆಂದು ಮೊದಲೇ ನಿಯಮಿತವಾಗಿ ನಡೆಯುತ್ತಿದ್ದವರನ್ನು ತೆಗೆದುಕೊಳ್ಳಲಿಲ್ಲ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಏನನ್ನೂ ಕೊಡಲಿಲ್ಲ. ಇನ್ನೊಂದು ಗುಂಪಿನ ಪ್ರತಿಯೊಬ್ಬರನ್ನೂ ಫಿಸಿಯೋಥೆರಪಿಸ್ಟ್ ಆರು ತಿಂಗಳಲ್ಲಿ ಆರು ಸಲ ಮಾತಾಡಿಸಿ, ಅವರವರ ವಯಸ್ಸು, ಶಕ್ತಿ, ಬಿಡುವು ನೋಡಿಕೊಂಡು ನಡಿಗೆಯ ಯೋಜನೆ ಹಾಕಿಕೊಟ್ಟರು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎನ್ನುವುದು ಗುರಿ. ಅಲ್ಲಿಗೆ ಮುಟ್ಟಲು ಆರು ತಿಂಗಳ ಕಾಲಾವಕಾಶ. ಜೊತೆಗೆ ನೋವು ಅಂದರೇನು, ಮತ್ತೆ ಬಂದರೆ ಏನು ಮಾಡಬೇಕು ಎಂಬ ತಿಳಿವಳಿಕೆಯನ್ನೂ ಕೊಟ್ಟರು. ಆಮೇಲೆ ಕಡಿಮೆಯೆಂದರೆ ಒಂದು ವರ್ಷ, ಕೆಲವರನ್ನು ಮೂರು ವರ್ಷದವರೆಗೂ ಗಮನಿಸುತ್ತ ಹೋದರು.

ಕೆಲಸ ಕಾರ್ಯಕ್ಕೆ ಅಡ್ಡಿಯಾಗುವಷ್ಟು ನೋವು ಮರುಕಳಿಸುವುದಕ್ಕೆ ಎಷ್ಟು ದಿನ ಹಿಡಿಯಿತು ಎನ್ನುವುದೇ ಅಳತೆ. ಏನೂ ಮಾಡದ ಗುಂಪಿನಲ್ಲಿ ಅರ್ಧದಷ್ಟು ಜನರಿಗೆ 112 ದಿನದೊಳಗೆ ನೋವು ವಾಪಸ್ಸಾಗಿತ್ತು. ನಡೆದವರಲ್ಲಿ ಆ ಅರ್ಧದ ಗುರುತು ಮುಟ್ಟಿದ್ದು 208ನೇ ದಿನಕ್ಕೆ. ಅಂದರೆ ನಡಿಗೆ ನೋವನ್ನು ಶಾಶ್ವತವಾಗಿ ಓಡಿಸಲಿಲ್ಲ. ಮೂರು ತಿಂಗಳಷ್ಟು ಮುಂದಕ್ಕೆ ತಳ್ಳಿತು, ಒಟ್ಟಾರೆ ಮರುಕಳಿಸುವ ಸಂಭವವನ್ನು ಸುಮಾರು ಕಾಲು ಭಾಗ ತಗ್ಗಿಸಿತು. ಸೊಂಟಕ್ಕಾಗಿ ಚಿಕಿತ್ಸೆ ಹುಡುಕಿಕೊಂಡು ಹೋಗುವುದು ಅದಕ್ಕಿಂತಲೂ ಹೆಚ್ಚು ತಗ್ಗಿತು.

ಕೇಳಲು ಇಷ್ಟೇನಾ ಅನ್ನಿಸಬಹುದು. ಆದರೆ ಖರ್ಚಿಲ್ಲದ, ಯಂತ್ರವಿಲ್ಲದ, ಯಾರ ಮನೆಯಂಗಳದಲ್ಲೂ ಮಾಡಬಹುದಾದ ಕೆಲಸಕ್ಕೆ ಇದು ಸಣ್ಣ ಫಲವಲ್ಲ. ಹಾಗಂತ ಅಧ್ಯಯನದ ಮಿತಿಗಳನ್ನು ಮುಚ್ಚಿಡುವುದೂ ಸರಿಯಲ್ಲ. ಅದರಲ್ಲಿದ್ದವರ ಪೈಕಿ ನೂರಕ್ಕೆ 81 ಮಂದಿ ಹೆಂಗಸರು, ಸರಾಸರಿ ವಯಸ್ಸು 54. ಹೋಲಿಸಿದ್ದು ಏನೂ ಮಾಡದವರ ಜೊತೆ, ಆದ್ದರಿಂದ ಯೋಗಕ್ಕಿಂತ, ಈಜಿಗಿಂತ, ಬೇರೆ ವ್ಯಾಯಾಮಕ್ಕಿಂತ ನಡಿಗೆ ಮೇಲು ಎಂದು ಇದರಿಂದ ಹೇಳಲಾಗದು. ಇನ್ನೊಂದು ಅಂಶವನ್ನು ಸುದ್ದಿ ಮಾಡಿದವರು ಹೆಚ್ಚಾಗಿ ಬಿಟ್ಟೇಬಿಟ್ಟರು. ನಡೆದ ಗುಂಪಿನಲ್ಲಿ ಕಾಲು, ಮಂಡಿ, ಪಾದದ ತೊಂದರೆಗಳು 100, ನಡೆಯದ ಗುಂಪಿನಲ್ಲಿ 54. ಸೊಂಟಕ್ಕೆ ಅನುಕೂಲವಾದದ್ದು ಕಾಲಿಗೆ ಭಾರವಾಗಬಹುದು ಎನ್ನುವುದನ್ನು ಲೆಕ್ಕಕ್ಕಿಟ್ಟುಕೊಂಡೇ ಶುರುಮಾಡಬೇಕು.

ಹಾಗಾದರೆ ಶುರುಮಾಡುವುದು ಹೇಗೆ? ನೋವು ಇಳಿದು ಮನೆಯ ಓಡಾಟ ಸಲೀಸಾದ ಮೇಲೆ, ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ದಿನ ಬಿಟ್ಟು ದಿನ ಸಾಕು. ಬಹಳ ದಿನ ಕೂತೇ ಇದ್ದವರು, ಮೈಭಾರ ಹೆಚ್ಚಿರುವವರು ಐದು ನಿಮಿಷದ ಎರಡು ಸುತ್ತು ಹಾಕಲಿ. ಆಮೇಲೆ ವಾರಕ್ಕೊಮ್ಮೆ ಎರಡರಿಂದ ಐದು ನಿಮಿಷ ಕೂಡಿಸುತ್ತ ಹೋಗಿ. ಮೊದಲು ಸಮಯ ಹೆಚ್ಚಿಸಿ, ಆಮೇಲೆ ದಿನ ಹೆಚ್ಚಿಸಿ, ಕೊನೆಗೆ ವೇಗ. ಮೂರನ್ನೂ ಒಂದೇ ವಾರ ಏರಿಸಿದವರೇ ಮೀನಖಂಡ ಹಿಡಿದುಕೊಂಡು, ಹಿಮ್ಮಡಿ ನೋಯಿಸಿಕೊಂಡು ಬಿಟ್ಟುಬಿಡುವುದು. ವೇಗ ಎಷ್ಟಿರಬೇಕು ಎಂದರೆ, ಪಕ್ಕದವರ ಜೊತೆ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು.

ಹವಾಯಿ ಚಪ್ಪಲಿಯಲ್ಲಿ ಬೇಡ. ಅದು ಕಳಚದಿರಲೆಂದು ಕಾಲ್ಬೆರಳು ಪ್ರತಿ ಹೆಜ್ಜೆಗೂ ಬಿಗಿಯುತ್ತಲೇ ಇರುತ್ತದೆ, ಪಾದದಡಿಯ ನಾರು ನೋಯುತ್ತದೆ. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಆದರೂ ಆಗಲಿ, ಬೂಟೇ ಆಗಬೇಕೆಂದಿಲ್ಲ. ಸಕ್ಕರೆ ಕಾಯಿಲೆ ಇರುವವರು ಮುಚ್ಚಿದ ಪಾದರಕ್ಷೆ ಹಾಕಿ, ಮನೆಗೆ ಬಂದು ಅಂಗಾಲನ್ನು ನೋಡಿಕೊಳ್ಳಲೇಬೇಕು. ಮರಗಟ್ಟಿದ ಪಾದಕ್ಕೆ ಗುಳ್ಳೆ ಎದ್ದದ್ದು ಗೊತ್ತಾಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ರಸ್ತೆ ಜಾರುತ್ತದೆ ಎನ್ನುವವರು ಜಗಲಿಯ ಮೇಲೋ ಶಾಲೆಯ ಪಡಸಾಲೆಯಲ್ಲೋ ನಡೆಯಬಹುದು. ಹತ್ತು ಹತ್ತು ನಿಮಿಷದ ಮೂರು ಸುತ್ತಾದರೂ ನಡೆದ ಹಾಗೆಯೇ. ಇನ್ನು ವಾರದ ಬಾಕಿಯನ್ನೆಲ್ಲ ಭಾನುವಾರ ಒಂದೇ ದಿನ ತೀರಿಸಲು ಹೋಗುವವರಿದ್ದಾರೆ. ತಪ್ಪಿದ ದಿನ ತಪ್ಪಿತು, ಅದನ್ನು ಹಾಗೇ ಬಿಡಿ. ಎರಡು ವಾರ ಪೂರ್ತಿ ತಪ್ಪಿದ್ದರೆ ನಿಲ್ಲಿಸಿದಲ್ಲಿಂದ ಬೇಡ, ಅದರ ಅರ್ಧದಿಂದ ಶುರುಮಾಡಿ.

ನಡೆಯುವಾಗ ಸೊಂಟ ಸ್ವಲ್ಪ ಮಿಡುಕಿದರೆ ಹೆದರಬೇಕಾಗಿಲ್ಲ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಟ್ಟರೆ ಮೂರರೊಳಗೆ ಇರಲಿ, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಲಿ. ಇಳಿಯದಿದ್ದರೆ ಹಿಂದಿನ ವಾರದ ಲೆಕ್ಕಕ್ಕೆ ಮರಳಿ. ನೋವು ಸೊಂಟದಿಂದ ಕೆಳಗೆ, ತೊಡೆ ದಾಟಿ ಕಾಲಿಗೆ ಹರಿಯತೊಡಗಿದರೆ ನಿಮಿಷ ಕಡಿಮೆ ಮಾಡಿ ತೋರಿಸಿಕೊಳ್ಳಿ. ವಯಸ್ಸಾದವರಲ್ಲಿ ಇನ್ನೊಂದು ಬಗೆಯಿದೆ. ನಾಲ್ಕು ಹೆಜ್ಜೆ ನಡೆದರೆ ಎರಡೂ ಕಾಲು ಭಾರವಾಗುತ್ತವೆ, ಮುಂದಕ್ಕೆ ಬಾಗಿ ಕೂತರೆ ಹಗುರವಾಗುತ್ತವೆ. ಅದು ಬೆನ್ನುಮೂಳೆಯೊಳಗೆ ನರಗಳು ಹಾಯುವ ಕಾಲುವೆ ಕಿರಿದಾದ ಲಕ್ಷಣ. ಅವರಿಗೆ ಒಂದೇ ಸಮನೆ ಅರ್ಧ ಗಂಟೆಯ ನಡಿಗೆ ಹಿಡಿಸದು. ನಡುನಡುವೆ ಕೂತು ನಡೆಯುವುದು, ಮುಂದೆ ಚಲಿಸದ, ಕೂತು ತುಳಿಯುವ ವ್ಯಾಯಾಮದ ಸೈಕಲ್ಲು ಹಿಡಿಸುತ್ತದೆ. ಕೂರಬೇಕೆಂದೇನೂ ಇಲ್ಲ, ಸುಮ್ಮನೆ ನಿಂತರೂ ಮೀನಖಂಡದ ನೋವು ಹೋಗುತ್ತದೆ ಎಂದರೆ ಕಾಲಿನ ರಕ್ತನಾಳ ಪರೀಕ್ಷೆ ಆಗಬೇಕು.

ದಿನವಿಡೀ ತೋಟದಲ್ಲಿ ಓಡಾಡುತ್ತೇನೆ, ನನಗೆ ಬೇರೆ ನಡಿಗೆ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೊದಲೇ ಚೆನ್ನಾಗಿ ನಡೆಯುತ್ತಿರುವವರ ಮೇಲೆ ಈ ಪ್ರಯೋಗ ಆಗಿಲ್ಲ. ಬಾಗಿ ನಾಟಿ ಮಾಡುವವರಿಗೆ, ಅಡಿಕೆ ಹೆಕ್ಕುವವರಿಗೆ, ಮೂಟೆ ಹೊರುವವರಿಗೆ ಕೊರತೆಯಿರುವುದು ಓಡಾಟದ್ದಲ್ಲ. ಅವರ ಬೆನ್ನಿಗೆ ಬೇಕಾದದ್ದು ಒಂದೇ ಭಂಗಿಯಿಂದ ಬಿಡುಗಡೆ ಮತ್ತು ಹೊರುವ ಭಾರಕ್ಕೆ ತಕ್ಕ ಶಕ್ತಿ. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಐದಾರು ಸಲ ಹಿಂದಕ್ಕೆ ಬಾಗುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಇಂಥವು. ನಡಿಗೆಯ ಅಧ್ಯಯನ ನೇರವಾಗಿ ತಟ್ಟುವುದು ಅಂಗಡಿಯ ಗಲ್ಲಾದಲ್ಲಿ, ಕಚೇರಿಯ ಕುರ್ಚಿಯಲ್ಲಿ, ಹೊಲಿಗೆ ಯಂತ್ರದ ಮುಂದೆ, ಬಸ್ಸಿನ ಸ್ಟಿಯರಿಂಗ್ ಹಿಂದೆ ದಿನ ಕಳೆಯುವವರಿಗೆ.

ಈಗ ನೋವು ಹೋಗದೆ ಮೂರು ತಿಂಗಳು ದಾಟಿದವರ ವಿಷಯ. ಇವರಿಗಾಗಿ 2023ರಲ್ಲಿ ಇನ್ನೊಂದು ಅಧ್ಯಯನ ಬಂತು, ಹೆಸರು ರಿಸ್ಟೋರ್. ಆಸ್ಟ್ರೇಲಿಯಾದ 20 ಫಿಸಿಯೋಥೆರಪಿ ಕ್ಲಿನಿಕ್ಕುಗಳು, 492 ಮಂದಿ. ಪರೀಕ್ಷಿಸಿದ್ದು ಕಾಗ್ನಿಟಿವ್ ಫಂಕ್ಷನಲ್ ಥೆರಪಿ ಎಂಬ ವಿಧಾನವನ್ನು. ಹೆಸರು ದೊಡ್ಡದು, ಮಾಡುವುದು ಸರಳ. ಹಳೆಯ ಸೊಂಟನೋವಿನವರು ನೆಲದಿಂದ ತುಂಬಿದ ಬಿಂದಿಗೆ ಎತ್ತುವುದನ್ನು ಗಮನಿಸಿ. ಬಾಗುವ ಮೊದಲೇ ಉಸಿರು ಕಟ್ಟುತ್ತಾರೆ, ಹೊಟ್ಟೆ ಬಿಗಿಯುತ್ತಾರೆ, ಬೆನ್ನನ್ನು ಹಲಗೆಯಂತೆ ಸೆಟೆಸಿಕೊಂಡು ಮಂಡಿಯಿಂದಷ್ಟೇ ಕುಗ್ಗುತ್ತಾರೆ, ಇನ್ನೊಂದು ಕೈ ಗೋಡೆ ಹುಡುಕುತ್ತಿರುತ್ತದೆ. ಬೆನ್ನು ಬಾಗಿದರೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಜಾರುತ್ತದೆ ಅಂತ ಯಾರೋ ಹೇಳಿದ್ದಾರೆ. ಆ ಬಿಗಿತವೇ ಸ್ನಾಯುಗಳನ್ನು ದಣಿಸಿ ನೋವನ್ನು ಉಳಿಸುತ್ತದೆ. ಫಿಸಿಯೋಥೆರಪಿಸ್ಟ್ ಅವರಿಗೆ ಮೊದಲು ಕೂತಲ್ಲೇ ಉಸಿರು ಬಿಡುತ್ತ ಹೊಟ್ಟೆ ಸಡಿಲಿಸುವುದನ್ನು ಕಲಿಸುತ್ತಾರೆ. ಆಮೇಲೆ ಕುರ್ಚಿಯಲ್ಲಿ ಕೂತೇ ಬೆನ್ನನ್ನು ಗುಂಡಗೆ ಬಾಗಿಸಿ ಕೈಯನ್ನು ಪಾದದವರೆಗೆ ಇಳಿಸುವುದು. ಆಮೇಲೆ ನಿಂತು ಬಾಗುವುದು, ಖಾಲಿ ಬಿಂದಿಗೆ, ಅರ್ಧ ನೀರು, ಪೂರ್ತಿ ನೀರು. ಹೆದರಿ ಬಿಟ್ಟಿದ್ದ ಕೆಲಸವನ್ನೇ ಚಿಕಿತ್ಸೆಯಾಗಿಸುವುದು ಈ ವಿಧಾನದ ತಿರುಳು.

ಹನ್ನೆರಡು ವಾರದಲ್ಲಿ ಹೆಚ್ಚೆಂದರೆ ಏಳು ಭೇಟಿ, 26ನೇ ವಾರಕ್ಕೆ ಇನ್ನೊಂದು. ಮೆಟ್ಟಿಲು ನಿಧಾನವಾಗಿ ಹತ್ತುತ್ತೀರಾ, ಕಾಲುಚೀಲ ಹಾಕಿಕೊಳ್ಳಲು ಕಷ್ಟವೇ ಎಂದೆಲ್ಲ ಕೇಳುವ 24 ಅಂಕಗಳ ಪ್ರಶ್ನಾವಳಿಯಲ್ಲಿ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇವರು 13ನೇ ವಾರಕ್ಕೆ ನಾಲ್ಕೂವರೆ ಅಂಕಕ್ಕೂ ಮಿಕ್ಕಿ ಸುಧಾರಿಸಿದ್ದರು. ಸೊಂಟನೋವಿನ ಪ್ರಯೋಗಗಳಲ್ಲಿ ಇದು ದೊಡ್ಡ ಅಂತರ. ಒಂದು ವರ್ಷದ ಕೊನೆಗೂ ಉಳಿದಿತ್ತು. ಈ ಚಿಕಿತ್ಸೆ ಪಡೆದವರಲ್ಲಿ ಅರ್ಧ ಜನರಿಗೆ ಚಲನೆ ಅಳೆಯುವ ಸೆನ್ಸರಿನ ಮಾಹಿತಿಯನ್ನೂ ಬಳಸಿ ನೋಡಿದರು, ಅದರಿಂದ ಹೆಚ್ಚುವರಿ ಲಾಭವೇನೂ ಆಗಲಿಲ್ಲ. ಒಂದು ಎಚ್ಚರಿಕೆ ಹೇಳಲೇಬೇಕು. ಈ ಚಿಕಿತ್ಸೆ ಕೊಟ್ಟ ಫಿಸಿಯೋಥೆರಪಿಸ್ಟರು ಅದಕ್ಕೆಂದೇ ತರಬೇತಿ ಪಡೆದವರು. ಎರಡು ದಿನದ ಕಾರ್ಯಾಗಾರದ ಪ್ರಮಾಣಪತ್ರ ಗೋಡೆಗೆ ಹಾಕಿದ ಮಾತ್ರಕ್ಕೆ ಅದೇ ಫಲ ಸಿಗುತ್ತದೆ ಎಂದು ನಂಬುವುದು ಕಷ್ಟ.

ಇನ್ನು ಬೆಲ್ಟು, ಎಳೆತ, ಕರೆಂಟು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ, ವ್ಯಾಯಾಮ, ಉರಿಯೂತ ತಗ್ಗಿಸುವ ಮಾತ್ರೆ, ಮಸಾಜಿನಂಥ ಕೆಲವು ಕೈಚಿಕಿತ್ಸೆಗಳಿಗೆ ಅದರಲ್ಲಿ ಜಾಗವಿದೆ. ಸೊಂಟದ ಬೆಲ್ಟ್, ಟ್ರ್ಯಾಕ್ಷನ್ ಎಂಬ ಎಳೆತ, ಅಲ್ಟ್ರಾಸೌಂಡ್ ಎಂಬ ಧ್ವನಿತರಂಗದ ಚಿಕಿತ್ಸೆ, ಟೆನ್ಸ್ ಎಂಬ ಕರೆಂಟ್ ಚಿಕಿತ್ಸೆ ಮಾಮೂಲಾಗಿ ಬೇಡ ಎಂದು ಹೇಳಿದೆ. ನಮ್ಮ ಎಷ್ಟೋ ಕ್ಲಿನಿಕ್ಕುಗಳಲ್ಲಿ ಹತ್ತು ದಿನದ ಪ್ಯಾಕೇಜ್ ಎಂದರೆ ಇವೇ. ಮೆತ್ತಗೆ ಹಾಯ್ ಎನಿಸುತ್ತದೆ, ನಿಜ. ಆದರೆ ಮಲಗಿಸಿ ಯಂತ್ರ ಹಚ್ಚಿ ಹೋದ ಇಪ್ಪತ್ತು ನಿಮಿಷದಲ್ಲಿ ರೋಗಿ ಏನನ್ನೂ ಕಲಿತಿರುವುದಿಲ್ಲ. ದುಡ್ಡು ಕೊಡುವ ಮುಂಚೆ, ಮನೆಯಲ್ಲಿ ನಾನು ಏನು ಮಾಡಬೇಕು, ಎಷ್ಟು ಸಲ, ಯಾವಾಗ ಹೆಚ್ಚಿಸಬೇಕು ಎಂದು ಕೇಳಿ. ಉತ್ತರ ಬಾರದ ಕಡೆ ಹಣ ಕಟ್ಟುವ ಅಗತ್ಯವಿಲ್ಲ.

ಎಂಆರ್‌ಐ ವರದಿಯ ಭಯಕ್ಕೂ ಒಂದು ಮಾತು. ಸೊಂಟನೋವೇ ಇಲ್ಲದ 3,110 ಮಂದಿಯ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ ವರದಿ 2015ರಲ್ಲಿ ಬಂತು. ಇಪ್ಪತ್ತರ ಹರೆಯದಲ್ಲೇ ನೂರಕ್ಕೆ 37 ಮಂದಿಯ ಡಿಸ್ಕ್ ಸವೆದಿತ್ತು, ಐವತ್ತಕ್ಕೆ 80, ಎಂಬತ್ತಕ್ಕೆ 96. ಡಿಸ್ಕ್ ಉಬ್ಬಿರುವುದು ಇಪ್ಪತ್ತರಲ್ಲಿ 30, ಎಂಬತ್ತರಲ್ಲಿ 84. ತಲೆಗೂದಲು ನರೆಯುವಂಥ ವಿಷಯವಿದು. ವರದಿಯಲ್ಲಿ ಬಲ್ಜ್, ಅಂದರೆ ಉಬ್ಬು, ಎಂಬ ಪದ ಕಂಡ ಕೂಡಲೇ ಬಿಂದಿಗೆ ಎತ್ತುವುದನ್ನು ಬಿಡಬೇಕಾಗಿಲ್ಲ.

ಆದರೆ ಕೆಲವು ಲಕ್ಷಣಗಳಿದ್ದಾಗ ನಡಿಗೆ, ವ್ಯಾಯಾಮ ಎಲ್ಲ ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ಮೂತ್ರ ಕಟ್ಟಿಕೊಂಡರೆ, ಮೂತ್ರ ಅಥವಾ ಮಲ ಹತೋಟಿ ತಪ್ಪಿದರೆ, ತೊಡೆಸಂದು ಮತ್ತು ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದೆ ಹೆಜ್ಜೆ ಎಳೆಯುವಂತಾದರೆ ಅದೇ ದಿನ ಆಸ್ಪತ್ರೆ. ನರದ ಮೇಲಿನ ಒತ್ತಡ ತೆಗೆಯುವುದು ತಡವಾದಷ್ಟೂ ಹೋದ ಶಕ್ತಿ ಮರಳುವುದು ಕಷ್ಟ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ನೆನಪಿಡಲೇಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹುಕಾಲ ಸ್ಟೀರಾಯ್ಡ್ ನುಂಗಿದವರು, ಬಿದ್ದ ಮೇಲೆ ನೋವು ಶುರುವಾದ ವೃದ್ಧರು ಕೂಡ ತಡಮಾಡಬಾರದು.

ಇದಾವುದೂ ಇಲ್ಲದೆ, ಚೆನ್ನಾಗಿ ನಡೆಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಮತ್ತೆ ಸೊಂಟ ಹಿಡಿದುಕೊಂಡಿತು ಅನ್ನಿ. ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ದಿನ ಹಾಸಿಗೆ ಹಿಡಿದವರಿಗಿಂತ, ಆಗಲೇ ವ್ಯಾಯಾಮಕ್ಕೆ ಇಳಿದವರಿಗಿಂತ, ತಾಳಿಕೊಳ್ಳುವಷ್ಟು ಮಾಮೂಲಿ ಕೆಲಸ ಮಾಡಿಕೊಂಡಿದ್ದವರೇ ಬೇಗ ಸುಧಾರಿಸಿದ್ದರು. ಆದ್ದರಿಂದ ಪೂರ್ತಿ ಮಲಗಬೇಡಿ. ಬಿಸಿನೀರಿನ ಚೀಲ ಹದಿನೈದು ನಿಮಿಷ, ಬಟ್ಟೆ ಸುತ್ತಿ, ದಿನಕ್ಕೆ ಮೂರು ನಾಲ್ಕು ಸಲ. ಗಂಟೆಗೊಮ್ಮೆ ಎದ್ದು ಮನೆಯೊಳಗೇ ಎರಡು ಮೂರು ನಿಮಿಷ ಓಡಾಡಿ. ನೋವು ಇಳಿಮುಖವಾದ ಕೂಡಲೇ ಬಿಟ್ಟ ನಡಿಗೆಯ ಅರ್ಧ ಸಮಯದಿಂದ ಶುರುಮಾಡಿ. 30 ನಿಮಿಷ ನಡೆಯುತ್ತಿದ್ದವರು 15ರಿಂದ. ಹೆಚ್ಚಿನವರಿಗೆ ಆರು ವಾರದೊಳಗೆ ಬಹುಪಾಲು ಕಡಿಮೆಯಾಗುತ್ತದೆ. ಆಗದಿದ್ದರೆ ತೋರಿಸಿಕೊಳ್ಳಿ, ಹೋಗುವಾಗ ನಡೆದ ನಿಮಿಷಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರೆ ಅದನ್ನೂ ಒಯ್ಯಿರಿ.

ನಮಸ್ಕಾರ.