ಮನೆಗೂ ಕಚೇರಿಗೂ ನಡುವೆ: ಕಾಸರಗೋಡಿನ ಸಮಾಜ ಕಾರ್ಯಕರ್ತರು

(ದೃಶ್ಯ: ಗೇರು ಗುಡ್ಡೆ, ಕೆಳಗೆ ಅಡಿಕೆ ತೋಟ, ಮಣ್ಣಿನ ದಾರಿ)

ನಮಸ್ಕಾರ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮುಂತಾದ ಪಂಚಾಯತುಗಳ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಕಥೆ ನಮ್ಮವರಿಗೆ ಹೊಸದಲ್ಲ. ಸಿಂಪಡಣೆ ನಿಂತ ಮೇಲೂ ರೋಗ, ಅಂಗವೈಕಲ್ಯಗಳಾಗಿ ಮನೆಗಳೊಳಗೆ ಉಳಿದ ಕಷ್ಟಕ್ಕೆ ಸಮಾಜ ಕಾರ್ಯಕರ್ತರು ಹೇಗೆ ಹೆಗಲು ಕೊಡುತ್ತಾರೆ ಎಂಬುದಷ್ಟೇ ಇಂದಿನ ವಿಷಯ.

(ದೃಶ್ಯ: ಹೆಂಚಿನ ಮನೆಯ ಜಗಲಿ, ಬೀಡಿಯ ಮೊರ)

ಉದಾಹರಣೆಗೆ ಒಂದು ಮನೆಯನ್ನು ಊಹಿಸಿಕೊಳ್ಳಿ. ಹದಿನೇಳು ವರ್ಷದ ಮಗನಿಗೆ ಎದ್ದು ಕೂರಲಾಗದು. ತಾಯಿ ಅವನ ಪಕ್ಕದಲ್ಲೇ ಕುಳಿತು ಬೀಡಿ ಕಟ್ಟುತ್ತಾಳೆ. ಕಾರ್ಯಕರ್ತೆ ಅಂಗಳಕ್ಕೆ ಕಾಲಿಟ್ಟೊಡನೆ, ಕೇಳುವ ಮೊದಲೇ ಕಾಗದಪತ್ರಗಳ ಪ್ಲಾಸ್ಟಿಕ್ ಚೀಲ ಹೊರಬರುತ್ತದೆ, ಏಕೆಂದರೆ ಈವರೆಗೆ ಬಂದವರೆಲ್ಲ ಕೇಳಿದ್ದು ಅದನ್ನೇ. ಅನುಭವಿ ಕಾರ್ಯಕರ್ತೆ ಚೀಲವನ್ನು ಬದಿಗಿಟ್ಟು, "ರಾತ್ರಿ ನಿಮಗೆ ನಿದ್ದೆ ಬರ್ತದಾ?" ಎಂದು ವಿಚಾರಿಸುತ್ತಾಳೆ. ಮಗನನ್ನು ರಾತ್ರಿ ಮಗ್ಗುಲು ಬದಲಿಸುವವರು ಯಾರು, ತಾಯಿಯ ಸೊಂಟನೋವು ಎಷ್ಟು ವರ್ಷದ್ದು, ಮಗಳು ಶಾಲೆ ಬಿಟ್ಟದ್ದೇಕೆ ಎಂಬುದೆಲ್ಲ ಆ ಒಂದು ಪ್ರಶ್ನೆಯ ಬೆನ್ನಿಗೇ ಬಿಚ್ಚಿಕೊಳ್ಳುತ್ತದೆ. ವರದಿಯ ತಿರುಳು ಇದೇ.

ಚೀಲದ ಸರದಿ ಆಮೇಲೆ. ಆರೈಕೆ ಮಾಡುವವರಿಗೆ ಮಾಸಿಕ ಸಹಾಯಧನ ನೀಡುವ ಕೇರಳದ 'ಆಶ್ವಾಸಕಿರಣಂ' ಯೋಜನೆಯಿದೆ. ಆದರೆ ಅರ್ಜಿ ಮಲಯಾಳದಲ್ಲಿದ್ದು ಮನೆಮಾತು ಕನ್ನಡವೋ ತುಳುವೋ ಆಗಿದ್ದರೆ, 'ಕಿಡಪ್ಪುರೋಗಿಯೇ?' (ಹಾಸಿಗೆ ಹಿಡಿದ ರೋಗಿಯೇ?) ಎಂಬ ಪ್ರಶ್ನೆಗೆ ತಾಯಿ ಮುಗ್ಧವಾಗಿ, "ಅಲ್ಲ, ಹಗಲು ಚಾಪೆಯಲ್ಲಿರ್ತಾನೆ" ಎಂದುಬಿಡಬಹುದು. ಇಂಥ ಒಂದು ಉತ್ತರ ಸಹಾಯಧನವನ್ನೇ ತಪ್ಪಿಸೀತು. ಗಡಿನಾಡಿನಲ್ಲಿ ಈ ಕೆಲಸಕ್ಕೆ ಪದವಿಯಷ್ಟೇ ಮೂರು ಭಾಷೆಗಳೂ ಬೇಕೆಂದು ನನಗನ್ನಿಸುವುದು ಇದಕ್ಕೇ.

ಮಗನಿಗೆ 18 ತುಂಬಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಬೌದ್ಧಿಕ ಅಸಾಮರ್ಥ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಅಥವಾ ಬಹುವಿಧ ಅಂಗವೈಕಲ್ಯ ಇರುವವರ ಪರವಾಗಿ ನಿರ್ಧಾರ ತೆಗೆದುಕೊಳ್ಳಲು ಹೆತ್ತವರೂ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿಯಿರುವ ಸ್ಥಳೀಯ ಸಮಿತಿಯ ಮುಂದೆ ಪಾಲಕತ್ವಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಹೆತ್ತ ಮಗನಿಗೆ ತಾನೇ ಪಾಲಕಿಯೆಂದು ಬರೆದುಕೊಡುವುದು ಯಾವ ತಾಯಿಗಾದರೂ ವಿಚಿತ್ರವೆನಿಸದೆ ಇರದು. ಅದರ ಅಗತ್ಯವನ್ನು ಮನಸ್ಸು ನೋಯದಂತೆ ತಿಳಿಸುವುದೂ ಕಾರ್ಯಕರ್ತೆಯ ಪಾಲಿಗೇ ಬರುತ್ತದೆ.

(ದೃಶ್ಯ: ಕಡತಗಳ ರಾಶಿ)

ಹಕ್ಕು ಘೋಷಣೆಯಾದ ಮಾತ್ರಕ್ಕೆ ಕೈಸೇರುವುದಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತ್ತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಗಮನಿಸಿದಂತೆ, 3,704 ಮಂದಿಯ ಪೈಕಿ ಪರಿಹಾರ ತಲುಪಿದ್ದು 8 ಮಂದಿಗೆ, ಅದೂ ಮತ್ತೆ ನ್ಯಾಯಾಲಯದ ಬಾಗಿಲು ತಟ್ಟಿದವರಿಗೆ. ಉಳಿದ ಮನೆಗಳಿಂದ ಆ ಬಾಗಿಲು ಬಹಳ ದೂರ.

(ದೃಶ್ಯ: ಬಡ್ಸ್ ಶಾಲೆಯ ವಾಹನ)

ಬೌದ್ಧಿಕ ಅಸಾಮರ್ಥ್ಯವುಳ್ಳವರಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆಯ ವಾಹನ ಗುಡ್ಡೆಯ ಕೆಳಗಿನವರೆಗೆ ಮಾತ್ರ ಬರುತ್ತದೆಂದಾದರೆ, ಅಲ್ಲಿಯವರೆಗೆ ಮಗನನ್ನು ಹೊತ್ತು ತರುವವರು ಯಾರೆಂದು ನೆರೆಮನೆಯವರೊಡನೆ ಮಾತಾಡಿ ಗೊತ್ತುಮಾಡಬೇಕು. ಅದು ಸಾಧ್ಯವಾದರೆ ತಾಯಿಗೆ ಹಗಲಿನಲ್ಲಿ ನಾಲ್ಕು ಗಂಟೆ ಬಿಡುವು. ಮುಂದಿನ ಭೇಟಿಗೆ ಕಾರ್ಯಕರ್ತೆ ಪುಸ್ತಕದಲ್ಲಿ ಬರೆದುಕೊಂಡದ್ದು ಒಂದೇ ಸಾಲು: ಮಗಳ ಶಾಲೆಗೆ ಹೋಗಿ ಹೆಡ್‌ಮಾಸ್ಟರನ್ನು ಕಾಣುವುದು.